ದುಡಿಯುವ ಮನೆ ಮತ್ತು ನಕ್ಷೆಯ ಬಣ್ಣ

ಶಿರಾದ ಹಳೆಯ ಓಣಿಗಳಲ್ಲಿ ಬೆಳಗಿನ ಹತ್ತು ಗಂಟೆಗೆ ನಡೆದು ಹೋದರೆ ಮನೆ ಎಲ್ಲಿ ಮುಗಿಯಿತು, ಕೆಲಸದ ಜಾಗ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಒಂದು ಮನೆಯ ಹೊಸ್ತಿಲಲ್ಲಿ ಅತ್ತೆ-ಸೊಸೆ ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾರೆ. ಪಕ್ಕದ ನಡುಮನೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿರುತ್ತದೆ. ಬೇಸಿಗೆಯಾದರೆ ಅಂಗಳದ ತುಂಬ ಹುಣಸೆಹಣ್ಣಿನ ರಾಶಿ. ಹೆಂಗಸರು ಮಕ್ಕಳೆಲ್ಲ ಕುಳಿತು ಬೀಜ ಬಿಡಿಸುತ್ತಾರೆ. ಪಾವಗಡ ತಾಲೂಕಿನ ವೈ.ಎನ್. ಹೊಸಕೋಟೆಗೆ ಹೋದರೆ ರೇಷ್ಮೆ ಸೀರೆಯ ಮಗ್ಗ ಮನೆಯೊಳಗೇ ಇದೆ. ಮಧುಗಿರಿ, ಕೊರಟಗೆರೆಗಳಲ್ಲಿ ಎಷ್ಟೋ ಮನೆಗಳ ಮುಂದಿನ ಕಿಟಕಿಯೇ ಅಂಗಡಿ.

ಇವರಲ್ಲಿ ಯಾರನ್ನಾದರೂ ‘ಏನಮ್ಮಾ, ಏನು ಕೆಲಸ ಮಾಡ್ತೀರಿ?’ ಎಂದು ಕೇಳಿ ನೋಡಿ. ‘ಏನೂ ಇಲ್ಲ, ಮನೇಲೇ ಇರ್ತೀನಿ’ ಎಂಬ ಉತ್ತರ ಬರುತ್ತದೆ. ಅವರ ಕೈಗಳು ಮಾತ್ರ ಕೆಲಸ ನಿಲ್ಲಿಸಿರುವುದಿಲ್ಲ.

ಕಾನೂನಿನ ಕಣ್ಣಿಗೆ ಊರು ಕಾಣುವ ಬಗೆಯೇ ಬೇರೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆ ತಯಾರಾದ ಊರಿನಲ್ಲಿ ಪ್ರತಿ ಜಾಗಕ್ಕೂ ಒಂದು ಬಣ್ಣವಿರುತ್ತದೆ. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ. ಹಳದಿಯಲ್ಲಿ ನೀಲಿಯ ಕೆಲಸ ಮಾಡಬೇಕಾದರೆ ಅನುಮತಿ ಬೇಕು. ಅದರ ಮೇಲೆ ಪುರಸಭೆಯ ಉದ್ದಿಮೆ ಪರವಾನಗಿ ಬೇರೆ. ಈ ವಿಂಗಡಣೆಯ ಹಿಂದಿನ ಉದ್ದೇಶವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಕ್ಕಳು ಮಲಗುವ ಕೋಣೆಯ ಪಕ್ಕದಲ್ಲಿ ರಾಸಾಯನಿಕದ ಗೋದಾಮು ಇರಬಾರದೆಂದು ಬಯಸುವುದು ತಪ್ಪಲ್ಲ. ನಮ್ಮ ಪ್ರಶ್ನೆ ಇಷ್ಟೇ: ಒಂದು ಮನೆಯಲ್ಲಿ ನಡೆಯುವ ದುಡಿಮೆ ಸರಿಯೋ ತಪ್ಪೋ ಎಂಬುದನ್ನು ಜಾಗದ ಬಣ್ಣ ತೀರ್ಮಾನಿಸಬೇಕೇ, ಆ ದುಡಿಮೆಯಿಂದ ಗೋಡೆಯಾಚೆಗಿನವರಿಗೆ ಆಗುವ ಕಷ್ಟ ತೀರ್ಮಾನಿಸಬೇಕೇ?

ಬಣ್ಣ ಹಚ್ಚುವ ಕೈ ಯಾವಾಗಲೂ ನಿಷ್ಪಕ್ಷಪಾತವಾಗಿತ್ತೆಂದು ಇತಿಹಾಸ ಹೇಳುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ 1885ರಲ್ಲಿ ಬಟ್ಟೆ ಒಗೆಯುವ ಅಂಗಡಿಗಳು ಊರಿನ ಇಂತಿಷ್ಟೇ ಭಾಗದಲ್ಲಿರಬೇಕೆಂದು ನಿಯಮ ಮಾಡಿದರು. ವಲಯ ಕಾನೂನಿನ ಆದಿಯ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ. ಆ ಕೆಲಸ ಮಾಡುತ್ತಿದ್ದವರು ಬಹುತೇಕ ಚೀನೀಯರು. ಪಕ್ಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವುದಕ್ಕೆ ಬೆಂಕಿಯ ಭಯದ ಹೆಸರಿನಲ್ಲಿ ಪರವಾನಗಿ ಕಡ್ಡಾಯವಾಗಿತ್ತು. ಅರ್ಜಿ ಹಾಕಿದ ಸುಮಾರು ಇನ್ನೂರು ಮಂದಿ ಚೀನೀಯರಿಗೆ ಅದು ಸಿಗಲಿಲ್ಲ, ಉಳಿದವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿತು. ಅಲ್ಲಿನ ಸುಪ್ರೀಂ ಕೋರ್ಟು 1886ರಲ್ಲಿ ಯಿಕ್ ವೊ ಪ್ರಕರಣದಲ್ಲಿ ಇದನ್ನು ತಾರತಮ್ಯವೆಂದು ತಳ್ಳಿಹಾಕಿತು. ಬೆಂಕಿಯ ಭಯ ಸುಳ್ಳಾಗಿರಲಿಲ್ಲ. ಆದರೆ ಭಯ ಯಾರ ಬಾಗಿಲಿಗೆ ಮಾತ್ರ ಬಂತು ಎಂಬುದು ಮುಖ್ಯವಾಗಿತ್ತು. ನಮ್ಮ ಊರುಗಳಲ್ಲೂ ಶಬ್ದದ ಬಗ್ಗೆ, ವಾಸನೆಯ ಬಗ್ಗೆ ದೂರು ಬರೆಯುವ ಮುನ್ನ ಒಮ್ಮೆ ಕೇಳಿಕೊಳ್ಳಬೇಕು: ಇದೇ ಶಬ್ದ ನಮ್ಮವರ ಮನೆಯಿಂದ ಬಂದಿದ್ದರೆ ಅರ್ಜಿ ಬರೆಯುತ್ತಿದ್ದೆವೇ?

ಹಾಗೆಂದು ಶಬ್ದವನ್ನು ಅಲ್ಲಗಳೆಯಲಾಗದು. ಕೈಮಗ್ಗದ ಸದ್ದು ಒಂದು ಬಗೆ, ವಿದ್ಯುತ್ ಮಗ್ಗದ್ದು ಇನ್ನೊಂದು ಬಗೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಈ ನಾಲ್ಕೂ ತಾಲೂಕುಗಳಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳೆಂದರೆ ಮನೆಮನೆಯಲ್ಲೂ ಆತಂಕ. ಒಂದೇ ಗೋಡೆಯ ಈ ಕಡೆ ಸಾಲ ತೀರಿಸಲು ರಾತ್ರಿ ಹತ್ತರವರೆಗೆ ಮಗ್ಗ ಓಡಿಸುವ ತಂದೆ, ಆ ಕಡೆ ಪುಸ್ತಕ ಹಿಡಿದು ಕುಳಿತ ಹುಡುಗಿ ಎಂದಿಟ್ಟುಕೊಳ್ಳೋಣ. ಇಬ್ಬರದೂ ನ್ಯಾಯವೇ. ‘ನಾವು ಬಡವರು, ನಮ್ಮ ಹೊಟ್ಟೆಪಾಡು’ ಎಂಬ ಒಂದೇ ಮಾತಿನಿಂದ ನೆರೆಮನೆಯವರ ಬಾಯಿ ಮುಚ್ಚಿಸುವುದು ಧರ್ಮವಲ್ಲ. ನಮ್ಮ ಮೊಹಲ್ಲಾಗಳಲ್ಲಿ ವೆಲ್ಡಿಂಗ್ ಅಂಗಡಿ, ಬೇಕರಿ ಒಲೆಗಳ ವಿಷಯದಲ್ಲಿ ಈ ಮಾತು ಬೇಕಾದಷ್ಟು ಸಲ ದುರುಪಯೋಗವಾಗಿದೆ.

ಯಾರಿಗೂ ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು ಎಂಬುದು ಪ್ರವಾದಿವರ್ಯರು(ಸ) ಕಲಿಸಿದ ತತ್ವ. ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ನೆರೆಹೊರೆಯ ಹಕ್ಕಿನ ದೊಡ್ಡ ಅಧ್ಯಾಯವೇ ಇದರ ಮೇಲೆ ನಿಂತಿದೆ. ಹದಿನಾಲ್ಕನೆಯ ಶತಮಾನದಲ್ಲಿ ಟ್ಯುನಿಸ್ ನಗರದ ಇಬ್ನುಲ್ ರಾಮಿ ಎಂಬ ಗಾರೆಕೆಲಸದ ಮೇಸ್ತ್ರಿ ನ್ಯಾಯಾಧೀಶರ ಪರವಾಗಿ ಇಂತಹ ಜಗಳಗಳ ಸ್ಥಳ ತನಿಖೆ ಮಾಡುತ್ತಿದ್ದ. ಗೋಡೆ, ಕಿಟಕಿ, ಹೊಗೆ, ವಾಸನೆ, ಸದ್ದುಗಳ ವ್ಯಾಜ್ಯಗಳನ್ನು ಕೂಡಿಸಿ ಆತ ಪುಸ್ತಕವನ್ನೇ ಬರೆದ. ಅಲ್ಲಿ ಅಡುಗೆಮನೆಯ ಹೊಗೆಯನ್ನು ನೆರೆಯವರು ಸಹಿಸಬೇಕು; ಹೊಸದಾಗಿ ಹಾಕಿದ ಬೇಕರಿ ಒಲೆಯ, ಹಮಾಮಿನ ಹೊಗೆಯನ್ನು ತಡೆಯಬಹುದು. ಯಾರು ಮೊದಲು ಬಂದರು ಎಂಬುದಕ್ಕೂ ಬೆಲೆಯಿದೆ. ಹೊಸಕೋಟೆಯಂತಹ ನೇಕಾರರ ಊರಿಗೆ ಈ ಕೊನೆಯ ಮಾತು ಬಹಳ ಹೊಂದುತ್ತದೆ. ಮಗ್ಗದ ಊರಿಗೆ ಆಮೇಲೆ ಬಂದು ಮನೆ ಕಟ್ಟಿಸಿಕೊಂಡವರು ಮಗ್ಗವನ್ನೇ ಎತ್ತಿಸಬೇಕೆನ್ನುವುದು ಎಷ್ಟು ಸರಿ? ರಾತ್ರಿಯ ಹೊತ್ತು ನಿಲ್ಲಿಸಿ, ಅಡಿಗೆ ರಬ್ಬರ್ ಹಾಕಿ, ಪರೀಕ್ಷೆಯ ದಿನಗಳಲ್ಲಿ ಸ್ವಲ್ಪ ಬಿಡುವು ಕೊಡಿ ಎಂದು ಕೇಳುವುದು ಸರಿ. ಅದನ್ನು ಅರ್ಜಿಯಲ್ಲಿ ಬರೆದು ಕಚೇರಿಗೆ ಕೊಡುವ ಮೊದಲು ಬಾಗಿಲು ತಟ್ಟಿ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಕುತೂಹಲದ ಸಂಗತಿಯೆಂದರೆ, ಇಂತಹ ವಿವೇಕ ನಮ್ಮ ಸರಕಾರಿ ಕಾಗದಗಳಲ್ಲಿ ಇಲ್ಲದೆ ಇಲ್ಲ. ಅದನ್ನು ನಕ್ಷೆಯಲ್ಲಿ ಹುಡುಕುವುದಕ್ಕಿಂತ ಕರೆಂಟ್ ಬಿಲ್ಲಿನಲ್ಲಿ ಹುಡುಕಬೇಕು! ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಗಳಲ್ಲಿ ವರ್ಷಾನುಗಟ್ಟಲೆ ಒಂದು ಉದ್ದದ ಸಾಲು ಬರುತ್ತಿದೆ. ಮನೆಯ ಒಂದು ಭಾಗವನ್ನು ಅಲ್ಲಿ ವಾಸಿಸುವವರೇ ಕೈಮಗ್ಗಕ್ಕೆ, ಹೊಲಿಗೆಗೆ, ಅಕ್ಕಸಾಲೆ ಕೆಲಸಕ್ಕೆ, ರೇಷ್ಮೆ ಸಾಕಣೆಗೆ, ಬಟ್ಟೆ ಒಗೆಯುವುದಕ್ಕೆ, ವೈದ್ಯ-ವಕೀಲ-ಜ್ಯೋತಿಷ್ಯದ ಸಲಹೆಗೆ ಬಳಸಿದರೂ ಅದು ಗೃಹ ಬಳಕೆಯೇ. 200 ವಾಟ್‌ವರೆಗಿನ ಮೋಟಾರು ಬಳಸುವ ಕುಶಲಕರ್ಮಿಗೂ ಈ ರಿಯಾಯಿತಿ ಇದೆ. ವಕೀಲರನ್ನೂ ಅಗಸರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಈ ಗುಮಾಸ್ತ ಯಾರೋ, ಅವರಿಗೊಂದು ಸಲಾಂ. ಮನೆಯೆಂದರೆ ಉಂಡು ಮಲಗುವ ಜಾಗ ಮಾತ್ರವಲ್ಲವೆಂದು ಅವರಿಗೆ ಗೊತ್ತಿತ್ತು. ಕಾಯಕವನ್ನು ಪೂಜೆಗಿಂತ ಕೀಳೆಂದು ಎಣಿಸದ ಶರಣರ ನಾಡಿನಲ್ಲಿ ಇದು ಹೊಸ ಮಾತೂ ಅಲ್ಲ. ಪ್ರವಾದಿಪತ್ನಿ ಝೈನಬ್ ಬಿಂತ್ ಜಹ್ಶ್(ರ) ಮನೆಯಲ್ಲಿ ತಮ್ಮ ಕೈಯಾರೆ ದುಡಿದು, ಬಂದದ್ದನ್ನು ದಾನ ಮಾಡುತ್ತಿದ್ದರು.

ಇಲ್ಲಿಗೆ ಮುಗಿಸಿದ್ದರೆ ನಮ್ಮ ಓದುಗರಿಗೆ ಸಮಾಧಾನವಾಗುತ್ತಿತ್ತೇನೋ. ಆದರೆ ಮನೆಯ ಗೋಡೆಗೆ ಇನ್ನೊಂದು ಮುಖವಿದೆ. ಹಳದಿ ಬಣ್ಣದ ಮನೆಯಲ್ಲಿ ಹೊಲಿಯುವವಳಿಗೆ ಕಾನೂನು ಬಂದೀತೆಂಬ ಹೆದರಿಕೆ. ಬೀಡಿ ಕಟ್ಟುವವಳ ಕಷ್ಟವೆಂದರೆ ಕಾನೂನು ಅವಳ ಮನೆಯೊಳಕ್ಕೆ ಬಾರದಿರುವುದು. 1948ರಲ್ಲಿ ಕಾರ್ಖಾನೆ ಕಾಯ್ದೆ ಬಂದಾಗ ಅದರ ಹೊಣೆಯಿಂದ ತಪ್ಪಿಸಿಕೊಳ್ಳಲು ಬೀಡಿ ಮಾಲೀಕರು ಕೆಲಸವನ್ನು ಮನೆಮನೆಗೆ ಹಂಚಿದರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡಿತು; ರಜೆ, ಹೆರಿಗೆ ಸೌಲಭ್ಯಗಳ ಮಾತನ್ನಾಡಿತು. ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಗಾಳಿ, ಬೆಳಕು, ಶುಚಿತ್ವದ ನಿಯಮಗಳು ‘ಕೈಗಾರಿಕಾ ಆವರಣ’ಕ್ಕಷ್ಟೇ ಇದ್ದವು, ವಾಸದ ಮನೆ ಆ ಪದದಿಂದ ಹೊರಗಿತ್ತು. ಈಗ ಆ ಕಾಯ್ದೆಯೂ ಪ್ರತ್ಯೇಕವಾಗಿ ಉಳಿದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಮನೆಗೆಲಸಗಾರ್ತಿಯರ ಹಕ್ಕಿನ ಬಗ್ಗೆ ಎಂದು ತಪ್ಪು ತಿಳಿಯಬೇಡಿ, ಮನೆಯಲ್ಲೇ ಕುಳಿತು ಉತ್ಪಾದಿಸುವವರ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಈಗ ಲೆಕ್ಕ ಹಾಕಿ. ಕೆಲಸದ ಜಾಗದ ಬಾಡಿಗೆ ಅವಳದು. ದೀಪ ಅವಳದು. ಕತ್ತರಿ, ಮೊರ ಅವಳದು. ಹೊಗೆಸೊಪ್ಪಿನ ಪುಡಿ ತೊಟ್ಟಿಲ ಮಗುವಿನ ಮೂಗಿಗೂ ಹೋಗುತ್ತದೆ. ಸಾವಿರಕ್ಕೆ ಇಷ್ಟು ಎಂದು ಕೂಲಿ ಕೊಡುವವರು ಕಳಪೆಯೆಂದು ತೆಗೆದಿಟ್ಟ ಕಟ್ಟುಗಳಿಗೆ ದುಡ್ಡು ಕೊಡುವುದಿಲ್ಲ. ಇದರಲ್ಲಿ ನಮ್ಮ ಸಮುದಾಯದ ಪಾಲೂ ಇದೆ. ಹೆಣ್ಣುಮಗಳು ಹೊರಗೆ ಹೋಗದೆ, ಪರ್ದಾದಲ್ಲೇ ಇದ್ದು ದುಡಿಯುತ್ತಾಳೆಂದು ನಾವು ಹೆಮ್ಮೆಪಡುತ್ತೇವೆ. ಅದೇ ಮರ್ಯಾದೆಯ ಮಾತನ್ನು ಹಿಡಿದು ಅವಳ ಕೂಲಿಯನ್ನು ಇಳಿಸಿದವರಲ್ಲಿ ನಮ್ಮವರೂ ಇದ್ದಾರೆ. ಶುಕ್ರವಾರದ ಖುತ್ಬಾಗಳಲ್ಲಿ ಕೂಲಿಯವನ ಬೆವರಾರುವ ಮುನ್ನ ಕೂಲಿ ಕೊಡಬೇಕೆಂದು ಕೇಳುತ್ತೇವೆ. ಫ್ಯಾನಿಲ್ಲದ ನಡುಮನೆಯಲ್ಲಿ ಬೆವರುವವಳು ನಮಗೆ ಕೂಲಿಯವಳಾಗಿ ಕಾಣಿಸುವುದೇ ಇಲ್ಲ. ಅವಳೂ ‘ಮನೇಲೇ ಇರ್ತೀನಿ’ ಎನ್ನುತ್ತಾಳೆ, ನಾವೂ ನಂಬುತ್ತೇವೆ.

ಪುರಸಭೆಯ ನಕ್ಷೆ ತಿದ್ದುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಆದರೆ ಯಾವ ಮನೆಯಲ್ಲಿ ಎಷ್ಟು ಮಂದಿ ಯಾರಿಗಾಗಿ ದುಡಿಯುತ್ತಾರೆ ಎಂಬ ಪಟ್ಟಿಯನ್ನು ಪ್ರತಿ ಮೊಹಲ್ಲಾದ ಜಮಾಅತ್ ಕಮಿಟಿ ಒಂದು ವಾರದಲ್ಲಿ ಬರೆಯಬಹುದು. 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿಗೆ ಆ ಹೆಸರುಗಳನ್ನು ಕೊಡಬಹುದು. ಝಕಾತ್ ಹಂಚುವಾಗ ಬಡವರ ಪಟ್ಟಿ ಹೇಗೂ ಮಾಡುತ್ತೇವೆ. ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ತೆರೆದು, ‘ದುಡಿಯುವವರು’ ಎಂದು ಮೇಲೆ ಬರೆದು, ಮೊದಲ ಹೆಸರನ್ನು ಕೇಳಲು ಆ ಹೊಸ್ತಿಲಿಗೇ ಹೋಗಬಹುದು.