ಸದ್ದಿಲ್ಲದ ಪೆಟ್ಟಿಗೆ

ದಿನವೂ ಮಿಕ್ಸಿಯ ಸದ್ದನ್ನು ಸಹಿಸುವವಳಿಗೆ ಕಂಪ್ಯೂಟರಿನ ಗುಂಯ್ ಎನ್ನುವ ಸದ್ದು ಒಂದು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಮಿಕ್ಸಿ ಐದು ನಿಮಿಷಕ್ಕೆ ನಿಲ್ಲುತ್ತದೆ. ಮನೆಯ ಹಾಡು, ಫೋಟೋ, ಸಿನಿಮಾಗಳನ್ನೆಲ್ಲ ತುಂಬಿಕೊಂಡು ನಡುಮನೆಯಲ್ಲಿ ಹಗಲೂ ರಾತ್ರಿ ಎಚ್ಚರವಿರುವ ಕಂಪ್ಯೂಟರು ಹಾಗಲ್ಲ. ಆಲಾಪನೆಯ ನಡುವೆ ಫ್ಯಾನಿನ ಶ್ರುತಿಯೂ ಬೆರೆತರೆ ಹಾಡು ಕೇಳುವುದು ಹೇಗೆ?

ಅದಕ್ಕೇ ಮಗ ಬಿಡಿಭಾಗಗಳನ್ನು ತಂದು ತಾನೇ ಒಂದನ್ನು ಜೋಡಿಸಿದ. ನಾನು ಸ್ಕ್ರೂಗಳ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತೆ. ಸಣ್ಣ ಫ್ಯಾನು ಸಾಕಷ್ಟು ಗಾಳಿ ಕೊಡಬೇಕಾದರೆ ಜೋರಾಗಿ ತಿರುಗಿ ಕಿರುಚಬೇಕು. 120 ಮಿಲಿಮೀಟರಿನ ದೊಡ್ಡ ಫ್ಯಾನು ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿಯೇ ಕೊಡುತ್ತದೆ. ನಿಮಿಷಕ್ಕೆ 7200 ಸುತ್ತಿನ ಹಾರ್ಡ್ ಡಿಸ್ಕಿನ ಬದಲು 5400 ಸುತ್ತಿನದು. ಅದರ ನಡುಕ ತಗಡಿಗೆ ತಾಗದಂತೆ ರಬ್ಬರಿನ ಬಿಲ್ಲೆಗಳು. ಪ್ರೋಗ್ರಾಮುಗಳಿಗೆ ಎಸ್‌ಎಸ್‌ಡಿ. ಅದರಲ್ಲಿ ತಿರುಗುವುದೇ ಏನೂ ಇಲ್ಲ. "ಆದರೆ ಒಂದು ಮಾತು ಅಮ್ಮ, ಹಾರ್ಡ್ ಡಿಸ್ಕು ಕೆಡುವ ಮೊದಲು ಎಷ್ಟೋ ಸಲ ಟಿಕ್ ಟಿಕ್ ಎಂದು ನರಳುತ್ತದೆ. ಇದು ಹಾಗಲ್ಲ, ಒಂದು ದಿನ ಸುಮ್ಮನೆ ನಿಂತುಬಿಡಬಹುದು" ಎಂದ. ನನಗೆ ನನ್ನ ಅಮ್ಮನ ನೆನಪಾಯಿತು. ಅವಳೂ ಒಂದು ದಿನವೂ ನರಳಿದವಳಲ್ಲ.

ಪೆಟ್ಟಿಗೆ ಸಿದ್ಧವಾದ ಮೇಲೆ ಅಟ್ಟದ ಟ್ರಂಕಿನಿಂದ ಕ್ಯಾಸೆಟ್ಟುಗಳನ್ನು ಇಳಿಸಿದೆವು. ಹಳೆಯ ಟೇಪ್ ರೆಕಾರ್ಡರಿನಿಂದ ಒಂದು ವೈರು ಎಳೆದು ಒಂದೊಂದಾಗಿ ತುಂಬಿಸುವುದು. ಅಮ್ಮ ಹಾಡಿದ ಹಸೆಯ ಹಾಡು, ಆರತಿಯ ಹಾಡು, ನಡುವೆ ಕುಕ್ಕರಿನ ಸೀಟಿ. ಒಂದು ಕ್ಯಾಸೆಟ್ಟಿನ ಕೊನೆಯಲ್ಲಿ ಹಾಡು ಮುಗಿದರೂ ಟೇಪು ನಿಂತಿರಲಿಲ್ಲ. ಯಂತ್ರ ಓಡುತ್ತಿದೆಯೆಂದು ತಿಳಿಯದ ಅಮ್ಮ ನನ್ನ ಸೋದರತ್ತೆಯೊಡನೆ ಮಾತಾಡುತ್ತಿದ್ದಳು. ಹದಿನೈದು ನಿಮಿಷ. ಏನು ಹೇಳಿದಳೆಂದು ಇಲ್ಲಿ ಬರೆಯಲಾರೆ. ಆ ದನಿಯನ್ನು ನಾನು ಜೀವಮಾನದಲ್ಲಿ ಕೇಳಿರಲಿಲ್ಲ.

"ಅದೂ ಇರಲಿ ಬಿಡು, ಜಾಗಕ್ಕೇನು ಬರವೇ?" ಎಂದ ಮಗ. ನಿಜ. 90 ನಿಮಿಷದ ಕ್ಯಾಸೆಟ್ಟು ಸಿ.ಡಿ.ಯ ಗುಣಮಟ್ಟದಲ್ಲಿ ಸುಮಾರು 950 ಎಂ.ಬಿ. ಹಿಡಿಯುತ್ತದೆ, 4 ಟಿ.ಬಿ.ಯ ಡಿಸ್ಕಿನಲ್ಲಿ ಅಂಥವು ನಾಲ್ಕು ಸಾವಿರಕ್ಕೂ ಹೆಚ್ಚು ಕೂರುತ್ತವೆ. ಹಿಂದೆ ಹೊಸ ಹಾಡು ಬೇಕಾದರೆ ಹಳೆಯದರ ಮೇಲೇ ರೆಕಾರ್ಡ್ ಮಾಡುತ್ತಿದ್ದೆವು. ಯಾವುದನ್ನು ಉಳಿಸಬೇಕು ಎಂಬುದನ್ನು ನಮ್ಮ ಬಡತನವೇ ತೀರ್ಮಾನಿಸುತ್ತಿತ್ತು. ಈಗ ಆ ಭಾರ ನಮ್ಮ ಮೇಲೆ ಬಿದ್ದಿದೆ. ಅದೂ ಬೇಗ ತೀರ್ಮಾನಿಸಬೇಕು. ಏಕೆಂದರೆ ಬೇಕಾದ್ದನ್ನು ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನಗಳಲ್ಲಿಟ್ಟು, ಒಂದನ್ನು ಮನೆಯಾಚೆ ಇಡಬೇಕೆಂಬುದು ಬಲ್ಲವರ ನಿಯಮ. ತಂಗಿಯ ಮನೆಗೊಂದು ಪ್ರತಿ ಹೋದಮೇಲೆ ಆಡಿದ ಮಾತನ್ನು ಹಿಂದಕ್ಕೆ ಕರೆಯುವುದು ಯಾರಿಂದ ಸಾಧ್ಯ?

ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೆಂಗಸರ ದನಿ ಎಲ್ಲೂ ಉಳಿದಿಲ್ಲವೆಂದು ದೂರುವವರು ನಾವೇ. ಕೊನೆಗೂ ಸಿಕ್ಕ ಒಂದು ದನಿಯನ್ನು ಮಗಳಾದ ನಾನೇ ಅಳಿಸುವುದೇ? ಮನೆಯ ಮರ್ಯಾದೆಯ ಹೆಸರಿನಲ್ಲಿ ಅವಳ ಬಾಯನ್ನು ಇನ್ನೊಮ್ಮೆ ಮುಚ್ಚಿದಂತಾಗಲಿಲ್ಲವೇ? ಇತ್ತ, ಅವಳು ಬದುಕಿದ್ದಾಗ ಕೇಳದ ಕಿವಿಗಳು ಈಗ ಸೋಫಾದಲ್ಲಿ ಕಾಲು ಚಾಚಿ ಕೇಳುವುದು ನ್ಯಾಯವೇ?

ಆ ಮಾತು ಕೇಳಿದ್ದವರಲ್ಲಿ ಉಳಿದವರು ಸೋದರತ್ತೆ ಒಬ್ಬರೇ. ಅವರಿಗೆ ಫೋನ್ ಮಾಡಿ ಅಂಜುತ್ತಲೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವಳು ಅದನ್ನು ನನಗೆ ಹೇಳಿದ್ದು ಕಣೇ, ನಿನ್ನ ಪೆಟ್ಟಿಗೆಗಲ್ಲ" ಎಂದರು.

ದನಿ ಅಮ್ಮನದು, ಅದನ್ನು ಯಾರು ಕೇಳಬೇಕೆಂದು ಆರಿಸಿಕೊಂಡವಳೂ ಅವಳೇ. ಆ ಆಯ್ಕೆಯನ್ನು ಬಿಟ್ಟು ದನಿಯನ್ನಷ್ಟೇ ಉಳಿಸಿದರೆ ಅವಳಲ್ಲಿ ಅರ್ಧವನ್ನು ಮಾತ್ರ ಉಳಿಸಿದಂತೆ. ನಾನು ಕೇಳಿಬಿಟ್ಟಿದ್ದೇನೆ, ಅದಕ್ಕೆ ಉಪಾಯವಿಲ್ಲ. ಅದನ್ನು ನಾನು ಹೊತ್ತುಕೊಂಡೇ ಇರಬೇಕು.

ಹಾಡುಗಳೆಲ್ಲ ಪೆಟ್ಟಿಗೆಯಲ್ಲಿವೆ. ಆ ಹದಿನೈದು ನಿಮಿಷವನ್ನು ಕತ್ತರಿಸಿ, ಮೂಲ ಕ್ಯಾಸೆಟ್ಟನ್ನು ಸೋದರತ್ತೆಗೆ ಕಳಿಸಿಕೊಟ್ಟೆ. ತಲುಪಿತೆಂದು ಫೋನ್ ಮಾಡಿದರು. ಅವರ ಮನೆಯಲ್ಲೀಗ ಟೇಪ್ ರೆಕಾರ್ಡರ್ ಇಲ್ಲ. ಬೇಕೆಂದೂ ಅವರು ಕೇಳಲಿಲ್ಲ.