ಕ್ರೀಡಾಲೋಕದಲ್ಲಿ ಶೋಕಧರ್ಮ

ಮೃತರನ್ನು ಸ್ಮರಿಸುವುದಕ್ಕೆ ಸ್ಥಳನಿಯಮವುಂಟೇ? ಸ್ಮಶಾನವೂ ದೇವಾಲಯವೂ ಮನೆಯಂಗಳವೂ ಅದಕ್ಕೆ ತಕ್ಕವೆಂದು ಎಲ್ಲರೂ ಒಪ್ಪುವರು. ಆಟದ ಕಣವು ತಕ್ಕುದೇ ಎಂಬಲ್ಲಿ ಸಂಶಯವು ಹುಟ್ಟುತ್ತದೆ. ಈ ಸಂಶಯಕ್ಕೆ ಆಸ್ಪದವಾದ ಪ್ರಸಂಗವೊಂದು 2006ರಲ್ಲಿ ನಡೆಯಿತು.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬುದು 2004ರಲ್ಲಿ ಅಮೆರಿಕದಲ್ಲಿ ಹೊರಟ ಆಟ. ದೂರದೂರದ ಜನರು ಅಂತರ್ಜಾಲದ ಮೂಲಕ ಒಂದೇ ಕಲ್ಪಿತಲೋಕವನ್ನು ಹೊಕ್ಕು, ಒಬ್ಬೊಬ್ಬರೂ ಒಂದೊಂದು ವೇಷವನ್ನು ತಾಳಿ, ಎರಡು ಪಕ್ಷಗಳಾಗಿ ಕಾದಾಡುವರು. ಅಲ್ಲಿ ಸತ್ತ ವೇಷವು ಸ್ವಲ್ಪ ಹೊತ್ತಿನಲ್ಲಿಯೇ ಮರಳಿ ಏಳುವುದು. ಅದನ್ನು ಆಡುತ್ತಿದ್ದವಳೊಬ್ಬಳು ನಿಜವಾಗಿಯೇ ತೀರಿಕೊಂಡಳು. ಆಟದೊಳಗಿನ ಹಿಮಪ್ರದೇಶದ ಸರೋವರವೊಂದರ ತೀರದಲ್ಲಿ ಗೆಳೆಯರು ತಮ್ಮ ತಮ್ಮ ವೇಷದಲ್ಲಿ ನೆರೆದು ಸಾಲಾಗಿ ನಿಂತರು. ವಿಘ್ನವನ್ನುಂಟುಮಾಡಬಾರದೆಂದು ಮೊದಲೇ ಪ್ರಾರ್ಥಿಸಿದ್ದರು. ಆದರೂ ಪ್ರತಿಪಕ್ಷದ ತಂಡವೊಂದು ಮೇಲೆ ಬಿದ್ದು ಅವರನ್ನು ಕೆಡಹಿತು. ಆ ದೃಶ್ಯವನ್ನು ಚಿತ್ರಿಸಿ ಲೋಕಕ್ಕೆಲ್ಲ ತೋರಿಸಿತು.

ದಾಳಿಯನ್ನು ಸಮರ್ಥಿಸುವವರ ಪೂರ್ವಪಕ್ಷವು ದುರ್ಬಲವಾದುದಲ್ಲ. ಅದು ಕದನಕ್ಕೆ ತೆರೆದಿದ್ದ ಭೂಮಿ; ನಿಯಮಕ್ಕೆ ಭಂಗವಿಲ್ಲ; ಯಾರ ದೇಹಕ್ಕೂ ನೋವಿಲ್ಲ; ಮಿಥ್ಯಾಲೋಕದಲ್ಲಿ ನಡೆದ ಶೋಕಾಚರಣೆಯೂ ಮಿಥ್ಯೆಯೇ ಎಂದು ಅವರು ಹೇಳುವರು.

ಇದಕ್ಕೆ ಸಮಾಧಾನವೇನು? ಸರೋವರವು ಕಲ್ಪಿತವಾದುದು, ಹಿಮವು ಕಲ್ಪಿತವಾದುದು, ಕಣ್ಣೀರು ಕಲ್ಪಿತವಾದುದಲ್ಲ. ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನು ಸ್ನಾಯುಗಳು ಕ್ಷಯಿಸುವ ರೋಗದಿಂದ ಗಾಲಿಕುರ್ಚಿಯಲ್ಲಿಯೇ ಇದ್ದು, 2014ರಲ್ಲಿ ತನ್ನ 25ನೆಯ ವಯಸ್ಸಿನಲ್ಲಿ ಮೃತನಾದನು. ಮಗನು ಏಕಾಕಿಯಾಗಿ ಬಾಳಿದನೆಂದು ತಂದೆತಾಯಿಗಳು ಮರುಗುತ್ತಿದ್ದರು. ಮರಣವಾರ್ತೆಯು ಹೊರಟೊಡನೆ, ಇದೇ ಆಟದ ಸಂಗಾತಿಗಳಿಂದ ಒಂದಾದಮೇಲೊಂದು ಪತ್ರವು ಬಂದಿತು; ಅನ್ಯದೇಶಗಳಿಂದ ಕೆಲವರು ಅಂತ್ಯಕ್ರಿಯೆಗೂ ಬಂದರು. ಅವನು ತಮ್ಮ ಕಷ್ಟದಲ್ಲಿ ಹೇಗೆ ಸಂತೈಸಿದನೆಂಬುದನ್ನು ಅವರು ತಿಳಿಸಿದರು. ಬಳಿಕ ಆಟದೊಳಗೂ ಅವನ ಸ್ಮರಣೆಗಾಗಿ ಕೂಡುತ್ತ ಬಂದರು. ಸ್ನೇಹವು ಎಲ್ಲಿ ಬೆಳೆಯಿತೋ ಅಲ್ಲಿಯೇ ಶೋಕವೂ ತನ್ನ ನೆಲೆಯನ್ನು ಅರಸುವುದು. ಒಂದೇ ಊರಿನವರಲ್ಲದ ಈ ಗೆಳೆಯರಿಗೆ ಎಲ್ಲರೂ ಕೂಡುತ್ತಿದ್ದ ಸ್ಥಳವು ಅದೇ ಆಗಿದ್ದಿತು.

ಇನ್ನು ನಿಯಮದ ಮಾತು. ನಿಷೇಧವಿಲ್ಲದುದೆಲ್ಲವೂ ಧರ್ಮವಾಗದು. ಅಶ್ವತ್ಥಾಮನು ಇರುಳಿನಲ್ಲಿ ಪಾಂಡವರ ಶಿಬಿರವನ್ನು ಹೊಕ್ಕು ಮಲಗಿದ್ದವರನ್ನು ಕೊಂದನು. ಅವರು ಅವನಿಗೆ ಶತ್ರುಗಳೇ ಆಗಿದ್ದರು; ಹಗೆಯು ಇನ್ನೂ ತೀರಿರಲಿಲ್ಲ. ಆದರೂ ಲೋಕವು ಅದನ್ನು ಶೌರ್ಯವೆಂದು ಎಣಿಸಲಿಲ್ಲ. ಸರೋವರದ ತೀರದಲ್ಲಿ ಯಾರ ಪ್ರಾಣವೂ ಹೋಗಲಿಲ್ಲವೆಂಬುದು ದೊಡ್ಡ ಭೇದವೇ ಸರಿ. ಅಪರಾಧವು ಅಷ್ಟು ಘೋರವಾದುದಲ್ಲ. ಆದರೆ ಎದುರು ನಿಂತವನು ಈಗ ಕಾದುತ್ತಿಲ್ಲವೆಂಬುದನ್ನು ಬಲ್ಲವನಾಗಿಯೂ ಹೊಡೆದ ದೋಷವು ಎರಡೆಡೆಯಲ್ಲಿಯೂ ಸಮಾನವಾದುದು.

ಆಟವನ್ನು ನಿರ್ಮಿಸಿದವರು ಎಲ್ಲ ಸಂದರ್ಭಗಳಿಗೂ ನಿಯಮವನ್ನು ಬರೆಯಲಾರರು. ಎದುರಾಳಿಯು ಶೋಕಿಸುತ್ತಿರುವಾಗ ಆಯುಧವನ್ನು ಇಳಿಸಿ ದಾರಿಬಿಟ್ಟು ನಡೆಯುವುದು, ಆಡುವವನು ತನಗೆ ತಾನೇ ವಿಧಿಸಿಕೊಳ್ಳಬೇಕಾದ ಕರ್ತವ್ಯ.