ಹುಳಿದ್ರಾಕ್ಷಿಯ ಗಾದೆ



ಮದುವೆ ಸಂಬಂಧ ನೋಡುವಾಗ ನಾವು ಮೆಲ್ಲಗೆ ವಿಚಾರಿಸುವುದುಂಟು: “ಹುಡುಗನ ಅಪ್ಪ ಕುಡಿಯುತ್ತಿದ್ದರಂತೆ, ಹೌದಾ?” ಹೌದೆಂದರೆ, “ಅದು ರಕ್ತದಲ್ಲೇ ಬರುವಂಥದ್ದು” ಎಂದು ಎದ್ದು ಬರುತ್ತೇವೆ. ಕುಡಿಯುವವನೂ ಅದನ್ನೇ ಹೇಳುತ್ತಾನೆ: “ನಾನೇನು ಮಾಡಲಿ, ಅಪ್ಪನಿಂದ ಬಂದದ್ದು.”

ಇದು ಅರ್ಧ ಸತ್ಯ. ಅವಳಿಗಳ ಹಾಗೂ ದತ್ತು ಮಕ್ಕಳ ಅಧ್ಯಯನಗಳ ಪ್ರಕಾರ, ಮದ್ಯಚಟಕ್ಕೆ ಬೀಳುವ ಅಪಾಯ ಒಬ್ಬರಿಂದೊಬ್ಬರಿಗೆ ಬೇರೆಯಾಗಿರುವುದಕ್ಕೆ ಸುಮಾರು ಅರ್ಧದಷ್ಟು ಕಾರಣ ವಂಶವಾಹಿಗಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂಥ ಕುಟುಂಬಗಳ ಅಧ್ಯಯನ ನಡೆದಿದೆ. ಈಗ ಡಿಎನ್‌ಎಯ ನೂರಾರು ಸಣ್ಣ ವ್ಯತ್ಯಾಸಗಳನ್ನು ಕೂಡಿಸಿ ಅಪಾಯದ ಅಂಕವನ್ನೂ ಲೆಕ್ಕ ಹಾಕುತ್ತಾರೆ. ಆದರೆ ಆ ಲೆಕ್ಕಕ್ಕೆ ಆಧಾರ ಹೆಚ್ಚಾಗಿ ಯುರೋಪ್ ಮೂಲದ ಜನರು. ನಮಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಅಂಕ ಹೆಚ್ಚಿದ್ದೂ ಚಟಕ್ಕೆ ಬೀಳದವರು ಅನೇಕರು. ಗ್ಲಾಸು ಮುಟ್ಟದವನಿಗೆ ಯಾವ ವಂಶವಾಹಿಯೂ ಈ ಚಟ ಹಿಡಿಸಲಾರದು.

ಇಸ್ರಾಯೇಲರಲ್ಲೂ ಇಂಥದೊಂದು ಗಾದೆಯಿತ್ತು: ಹುಳಿದ್ರಾಕ್ಷಿ ತಿಂದದ್ದು ಅಪ್ಪಂದಿರು, ಹಲ್ಲು ಚುಳ್ಳೆಂದದ್ದು ಮಕ್ಕಳಿಗೆ. ಇನ್ನು ಈ ಮಾತನ್ನು ಆಡಕೂಡದೆಂದು ದೇವರು ಪ್ರವಾದಿ ಯೆಜೆಕಿಯೇಲರ ಮೂಲಕ ತಿಳಿಸಿದರು (ಅಧ್ಯಾಯ 18). ಪ್ರತಿಯೊಬ್ಬನೂ ದೇವರ ಮುಂದೆ ತಾನಾಗಿಯೇ ನಿಲ್ಲುತ್ತಾನೆ; ತಿರುಗಿಬಂದವನಿಗೆ ಬಾಗಿಲು ತೆರೆದಿದೆ.

ಡಬ್ಲಿನ್‌ನ ಕೂಲಿಯಾಳು ಮ್ಯಾಟ್ ಟಾಲ್ಬೊಟ್ ಅವರ ತಂದೆ ಕುಡಿಯುತ್ತಿದ್ದರು, ಸಹೋದರರಲ್ಲಿ ಹೆಚ್ಚಿನವರೂ ಕುಡಿಯುತ್ತಿದ್ದರು. ಮ್ಯಾಟ್ ಬಾಲ್ಯದಲ್ಲೇ ಆರಂಭಿಸಿದರು. 1884ರಲ್ಲಿ, 28ನೇ ವಯಸ್ಸಿನಲ್ಲಿ, ಮೂರು ತಿಂಗಳು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಆಮೇಲೆ ಆರು ತಿಂಗಳು, ಆಮೇಲೆ ಜೀವನಪರ್ಯಂತ. 1925ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ. 1975ರಲ್ಲಿ ಧರ್ಮಸಭೆ ಅವರನ್ನು ‘ಪೂಜ್ಯ’ರೆಂದು ಸಾರಿತು. ರಕ್ತ ಅದೇ ಇತ್ತು. ಕೃಪೆಯೂ ಇತ್ತು, ಅವರ ಮನಸ್ಸೂ ಇತ್ತು.

ಪ್ರಿಯರೇ, ಮಂಜೇಶ್ವರವಿರಲಿ, ಬೇಳವಿರಲಿ, ರೋಸಿನ ಚಪ್ಪರದಲ್ಲಿ “ಅಪ್ಪನ ಮಗನಲ್ಲವಾ ನೀನು, ಹಿಡಿ ಒಂದು ಗ್ಲಾಸು” ಎಂದು ಹುಡುಗನ ಕೈಗೆ ಕೊಡುವವರು ನಾವೇ. ನಾಲ್ಕು ವರ್ಷ ಕಳೆದ ಮೇಲೆ “ರಕ್ತದ ಗುಣ” ಎನ್ನುವವರೂ ನಾವೇ! ಆ ಅರ್ಧ ಅವನ ಅಪ್ಪನಿಂದ ಬಂದಿರಬಹುದು. ಗ್ಲಾಸು ನಮ್ಮ ಕೈಯಿಂದ ಬಂತು.

ಸಕ್ಕರೆ ಕಾಯಿಲೆಯಿರುವ ಮನೆಯ ಮಕ್ಕಳಿಗೆ ಬೇಗನೆ ಎಚ್ಚರಿಕೆ ಹೇಳುತ್ತೇವೆ; ಇದನ್ನೂ ನಾಚಿಕೆಪಡದೆ ಹೇಳೋಣ. ಕುಡಿತ ಬಿಡಲಾಗದವರನ್ನು ದೂರವಿಡದೆ ಚಿಕಿತ್ಸೆಗೆ ಕರೆದೊಯ್ಯೋಣ, ಜೊತೆಯಲ್ಲಿ ಕೂರೋಣ. ಅಂಥ ಮನೆಯಿಂದ ಬಂದ ಹುಡುಗನನ್ನು ಅವನ ಹೆಸರಿನಿಂದಲೇ ಕರೆಯೋಣ. ದೇವರು ಅವನನ್ನು ಕರೆಯುವುದೂ ಹಾಗೆಯೇ.

ಆಮೆನ್.